ಪಕ್ಕದ ಸೀಟಿಗೆ ಕುಪ್ಪಳಿಸುವವರು ಬೇಕಾಗಿದ್ದಾರೆ

ಗಂಡಸಾದವನು ಅಳದೆ ಎಷ್ಟು ದಿನ ಇರಬಹುದು?

ಈ ಪ್ರಶ್ನೆ ರೊವೀನಾಳ ತಲೆಯಲ್ಲಿ ಏಳು ತಿಂಗಳಿಂದ ಝಂಡಾ ಊರಿ ಕೂತಿತ್ತು. ಫೋನಿನಲ್ಲಿ ಹುಡುಕಿದಳು, ಗ್ರಂಥಾಲಯದ ಪುಸ್ತಕಗಳಲ್ಲಿ ಹುಡುಕಿದಳು, ಕೊನೆಗೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನರ್ಸನ್ನೇ ಕೇಳಿಬಿಟ್ಟಳು.

"ಅಳೋದೇ ಇಲ್ವಾ? ಒಳ್ಳೇದೇ ಆಯ್ತಲ್ಲಮ್ಮಾ. ರಾತ್ರಿ ಚೆನ್ನಾಗಿ ನಿದ್ದೆ ಮಾಡಬಹುದು."

"ಮಗು ಅಲ್ಲ ಸಿಸ್ಟರ್. ಮಗುವಿನ ಅಪ್ಪ."

ನರ್ಸು ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಚುಚ್ಚಬೇಕಾದದ್ದು ಯಾರಿಗೆ ಎಂಬ ಅನುಮಾನದಲ್ಲಿ ಇವಳ ಮುಖ ನೋಡಿದಳು!

ಚಿಂತೆ ಮಾಡುವುದರಲ್ಲಿ ರೊವೀನಾ ಸಾಮಾನ್ಯಳಲ್ಲ. ಬರ್ಮಿಂಗ್‌ಹ್ಯಾಮಿನಂಥ ಶಹರದಲ್ಲಿ ಓದಿದವಳು. ಔಷಧಿ ಡಬ್ಬಿಯ ಜೊತೆ ಬರುವ ಎಚ್ಚರಿಕೆಯ ಚೀಟಿಯನ್ನು ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಓದುವವಳು. ಮಗಳು ಐವಿ ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ! ಆದರೆ ಈ ಚಿಲ್ಲರೆ ಚಿಂತೆಗಳಿಗೆಲ್ಲ ಚಕ್ರವರ್ತಿಯಾಗಿ ಮೆರೆಯುತ್ತಿದ್ದದ್ದು ಗಂಡ ನೆಡ್‌ನ ಒಣಗಿದ ಕಣ್ಣು.

ನೆಡ್‌ನ ಅಪ್ಪ ಸ್ಟ್ಯಾನ್ ಫೆಬ್ರವರಿಯಲ್ಲಿ ತೀರಿಕೊಂಡರು. ಬೆಳಿಗ್ಗೆ ಟೀ ಕುಡಿಯುತ್ತಾ ಕೂತವರು ಎರಡನೇ ಗುಟುಕಿನ ಹೊತ್ತಿಗೆ ಇರಲಿಲ್ಲ. ಚರ್ಚಿನಲ್ಲಿ ನೆಡ್ ಅಳಲಿಲ್ಲ. ಮಣ್ಣು ಮಾಡುವಾಗ ಅಳಲಿಲ್ಲ. ಆಮೇಲಿನ ಟೀ ಹೊತ್ತಿನಲ್ಲಿ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಬಂದವರಿಗೆಲ್ಲ ಹಂಚುತ್ತಾ, "ದಾರಿ ಸರಿಯಾಗಿ ಸಿಕ್ತಾ? ಟ್ರಾಫಿಕ್ ಹೇಗಿತ್ತು?" ಎಂದು ವಿಚಾರಿಸಿದ. ಮಾರನೆಯ ದಿನ ಗ್ಯಾರೇಜಿನ ಬಾಗಿಲು ತೆಗೆದು ಒಳಗೆ ಹೋದ. ಹೋದವನು ಈ ಸೆಪ್ಟೆಂಬರಿನವರೆಗೂ ಊಟಕ್ಕೆ, ಕೆಲಸಕ್ಕೆ, ನಿದ್ದೆಗೆ ಮತ್ತು ಭಾನುವಾರ ಅಮ್ಮನ ಮನೆಗೆ ಬಿಟ್ಟರೆ ಹೊರಗೆ ಬಂದಿಲ್ಲ.

ಒಳಗೆ ಏನು ಮಾಡುತ್ತಿದ್ದ? ಗುಡ್ಡ ಹತ್ತುವ ಕಾರು ಕಟ್ಟುತ್ತಿದ್ದ!

ಡರ್ಬಿಶೈರಿನ ಆ ಬೆಟ್ಟದ ಸೀಮೆಯ ಜನಕ್ಕೆ ಕೆಸರೆಂದರೆ ಪ್ರಾಣ. ಕಡಿದಾದ ಕೆಸರು ಗುಡ್ಡದ ಮೇಲೆ ನಂಬರು ಬರೆದ ಗೂಟ ನೆಡುತ್ತಾರೆ. ತೀರಾ ಕೆಳಗಿನದು ಹನ್ನೆರಡು, ತುದಿಯಲ್ಲಿರುವುದು ಒಂದು. ಕಾರು ಎಲ್ಲಿ ನಿಂತುಬಿಟ್ಟಿತೋ ಆ ಗೂಟದ ನಂಬರು ನಿಮ್ಮ ತಲೆಗೆ; ದಿನದ ಕೊನೆಗೆ ಯಾರ ತಲೆಯ ಮೇಲೆ ಕಡಿಮೆ ನಂಬರಿದೆಯೋ ಅವರು ಗೆದ್ದರು. ವೇಗ-ಗೀಗ ಏನೂ ಇಲ್ಲ. ಆಮೆಗೂ ಆಕಳಿಕೆ ಬರುವ ನಡಿಗೆ. ಆದರೆ ಪಕ್ಕದ ಸೀಟಿನಲ್ಲಿ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್. ಹಿಂದಿನ ಚಕ್ರ ಜಾರತೊಡಗಿದ ಕೂಡಲೇ ಅವರು ಸೀಟಿನ ಮೇಲೆ ಕುಪ್ಪಳಿಸಬೇಕು. ಆ ಭಾರ ಬಿದ್ದರೆ ಚಕ್ರ ಮಣ್ಣನ್ನು ಕಚ್ಚಿ ಹಿಡಿಯುತ್ತದೆ.

ಸ್ಟ್ಯಾನ್ ಮೂವತ್ತೊಂದು ವರ್ಷ ಸ್ಟೀರಿಂಗು ಹಿಡಿದಿದ್ದರು. ಮೂವತ್ತೊಂದು ವರ್ಷವೂ ಪಕ್ಕದಲ್ಲಿ ಕುಪ್ಪಳಿಸಿದವರು ಅವರ ಹೆಂಡತಿ ಮೇವಿಸ್. ಗುಬ್ಬಚ್ಚಿಯಂಥ ಹೆಂಗಸು. ಆದರೆ ಅವರು ಕುಪ್ಪಳಿಸಿದರೆ ಗುಡ್ಡವೇ ಹೆದರಿ ದಾರಿ ಬಿಡುತ್ತಿತ್ತು ಎಂದು ಊರವರು ಹೇಳುವುದನ್ನು ರೊವೀನಾ ಮದುವೆಯಾಗಿ ಬಂದಾಗಿನಿಂದ ಕೇಳಿದ್ದಾಳೆ.

ಸ್ಟ್ಯಾನ್ ಹೊಸ ಕಾರಿಗೆಂದು ಒಂದಿಷ್ಟು ಕಬ್ಬಿಣದ ಕೊಳವೆಗಳನ್ನು ಬೆಸೆದು ಬಿಟ್ಟುಹೋಗಿದ್ದರು. ನೆಡ್ ಅಲ್ಲಿಂದ ಶುರುಮಾಡಿದ. ಮೊದಲು ಕಾರು ಗ್ಯಾರೇಜಿನಲ್ಲಿತ್ತು. ಆಮೇಲೆ ಕಾರಿನ ಅಂಗಾಂಗಗಳು ಒಂದೊಂದಾಗಿ ಮನೆಯೊಳಕ್ಕೆ ದಂಡಯಾತ್ರೆ ಹೊರಟವು! ಗೇರ್‌ಬಾಕ್ಸು ಬಚ್ಚಲ ತೊಟ್ಟಿಯಲ್ಲಿ ಎಣ್ಣೆಸ್ನಾನ ಮಾಡಿತು. ಸ್ಟೀರಿಂಗು ಸೋಫಾದ ಮೇಲೆ ಅತಿಥಿಯ ಹಾಗೆ ಕೂತಿತು. ಒಂದು ದಿನ ರೊವೀನಾ ಮಗುವಿನ ಹಾಲಿನ ಬಾಟಲಿ ಕುದಿಸುವ ಡಬ್ಬಿ ತೆಗೆದರೆ ಒಳಗೆ ಬಾಟಲಿಗಳ ನಡುವೆ ಹಿತ್ತಾಳೆಯ ಪುಟಾಣಿ ತುಂಡುಗಳು ತಳತಳ ಹೊಳೆಯುತ್ತಿವೆ.

"ನೆಡ್! ಏನಿದು?"

"ಕಾರ್ಬ್ಯುರೇಟರಿನ ಜೆಟ್ಟು. ಹುಷಾರು, ಮುಟ್ಟಬೇಡ."

"ಹುಷಾರಾ? ನಿನ್ನ ಮಗಳು ಹಾಲು ಕುಡಿಯೋ ಡಬ್ಬೀಲಿ ಪೆಟ್ರೋಲ್ ಸಾಮಾನು ಕುದಿಸಿದೀಯಲ್ಲೋ!"

"ಕ್ರಿಮಿ ಸಾಯುತ್ತೆ ಅಂತ ನೀನೇ ಹೇಳಿದ್ದೆ."

"ಕಾರಿಗೆ ಕ್ರಿಮಿ ಎಲ್ಲಿಂದ ಬಂತು?"

"ಬರೋದಿಲ್ಲ ನೋಡು ಇನ್ನು," ಅಂದವನೇ ಜೆಟ್ಟುಗಳನ್ನು ಚಮಚದಲ್ಲಿ ಗೋರಿಕೊಂಡು ನಡೆದ. ಐವಿ ಆ ಇಡೀ ದಿನ ಆರೋಗ್ಯವಾಗಿದ್ದಳು. ಅದೂ ರೊವೀನಾಳಿಗೆ ಚಿಂತೆಯೇ ಆಯಿತು.

ಬೈದರೆ ಮಾತಾಡುತ್ತಾನಲ್ಲ ಎಂಬ ಆಸೆಗೇ ಅವಳು ಬೈಯುತ್ತಿದ್ದಳು. "ಅಪ್ಪನ ನೆನಪಾಗುತ್ತಾ ನೆಡ್?" ಎಂದು ಮೆತ್ತಗೆ ಕೇಳಿದ ದಿನ ಮಾತ್ರ ಅವನು, "ಹದಿಮೂರನೇ ನಂಬರಿನ ಸ್ಪ್ಯಾನರ್ ನೋಡಿದ್ಯಾ?" ಎನ್ನುತ್ತಾ ಎದ್ದು ಹೋಗುತ್ತಿದ್ದ.

ಇದನ್ನು ಹೇಳಿಕೊಳ್ಳಬಹುದಾದವರು ಒಬ್ಬರೇ ಒಬ್ಬರು, ಮೇವಿಸ್. ಆದರೆ ಮೇವಿಸ್‌ಗೆ ಫೋನ್ ಮಾಡಲು ರೊವೀನಾಳಿಗೆ ಮುಖವಿರಲಿಲ್ಲ.

ಮಣ್ಣು ಮಾಡಿದ ದಿನದ ಕಥೆ ಅದು. ಮೇವಿಸ್ ಮನೆ ತುಂಬ ಜನ. ಸೊಸೆಯಾದವಳು ಏನಾದರೂ ಕೆಲಸ ಮಾಡಬೇಕಲ್ಲ! ಹಿತ್ತಿಲ ಬಾಗಿಲಲ್ಲಿ ಸ್ಟ್ಯಾನ್‌ರ ಬೂಟುಗಳು ಕೆಸರು ಮೆತ್ತಿಕೊಂಡು ಬಿದ್ದಿದ್ದವು. ಬಂದವರು ನೋಡಿದರೆ ಏನಂದಾರು ಎಂದುಕೊಂಡು ರೊವೀನಾ ಬಿಸಿನೀರು, ಸೋಪು, ಬ್ರಷ್ಷು ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಅಂಗಡಿಯಲ್ಲಿಟ್ಟ ಹಾಗೆ ಫಳಫಳ ಹೊಳೆಯುವಂತೆ ಮಾಡಿ, ಹೆಮ್ಮೆಯಿಂದ ಮೇವಿಸ್ ಮುಂದೆ ಹಿಡಿದಳು. ಮೇವಿಸ್ ಬೂಟು ನೋಡಿದರು. ಬ್ರಷ್ಷು ನೋಡಿದರು. ಚರಂಡಿಯಲ್ಲಿ ಹರಿದು ಹೋಗುತ್ತಿದ್ದ ಕಂದು ನೀರು ನೋಡಿದರು.

"ಜನವರೀಲಿ ಇಬ್ಬರೂ ಕೊನೇ ಗುಡ್ಡ ಹತ್ತಿದ್ವಿ. ಅಲ್ಲಿನ ಮಣ್ಣು ಅದು," ಅಂದರು. ಅಷ್ಟೇ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ರೊವೀನಾ ಬದುಕಿಕೊಳ್ಳುತ್ತಿದ್ದಳು. ಸಂಜೆ ಯಾರೋ, "ಇನ್ನು ನೆಡ್ ಪಕ್ಕದಲ್ಲಿ ಕೂರ್ತೀರಾ ಮೇವಿಸ್?" ಎಂದಾಗ, "ನಾನು ಇನ್ನು ಯಾವ ಕಾರಿಗೂ ಹತ್ತಲ್ಲ," ಅಂದದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಅಂದಿನಿಂದ ಪ್ರತಿ ಭಾನುವಾರ ನೆಡ್ ಮಗುವನ್ನೆತ್ತಿಕೊಂಡು ಅಮ್ಮನ ಮನೆಗೆ ಹೋಗುತ್ತಿದ್ದ. ರೊವೀನಾಳಿಗೆ ಪ್ರತಿ ಭಾನುವಾರ ಸರಿಯಾಗಿ ಹನ್ನೊಂದು ಗಂಟೆಗೆ ತಲೆನೋವು ಬರುತ್ತಿತ್ತು. ನೆಡ್ ವಾಪಸ್ ಬಂದಾಗ, "ಏನು ಮಾತಾಡಿದ್ರಿ?" ಎಂದರೆ, "ಮಳೆ ವಿಷಯ," ಅನ್ನುತ್ತಿದ್ದ. ಅಪ್ಪನನ್ನು ಕಳೆದುಕೊಂಡ ಮಗ, ಗಂಡನನ್ನು ಕಳೆದುಕೊಂಡ ಹೆಂಡತಿ ಎದುರುಬದುರು ಕೂತು ಏಳು ತಿಂಗಳು ಮಳೆ ವಿಷಯ ಮಾತಾಡಿದ್ದಾರೆ! ಆ ಬೇಸಿಗೆಯಲ್ಲಿ ಅಷ್ಟು ಮಳೆಯೂ ಆಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕ್ಲಬ್ಬಿನಿಂದ ಕಾಗದ ಬಂತು. ಅಕ್ಟೋಬರಿನ ಮೊದಲ ಪಂದ್ಯ ಸ್ಟ್ಯಾನ್‌ರ ನೆನಪಿನಲ್ಲಿ ನಡೆಯುತ್ತದೆ, ಮೊದಲ ಗುಡ್ಡವನ್ನು ನೆಡ್ ಹತ್ತಬೇಕು. ಕಾರು ಸಿದ್ಧ. ಆದರೆ ಪಕ್ಕದ ಸೀಟಿಗೆ ಜನ? ಕ್ಲಬ್ಬಿನಲ್ಲಿ ಕುಪ್ಪಳಿಸಬಲ್ಲವರೆಲ್ಲ ಆಗಲೇ ಬೇರೆಯವರ ಪಾಲಾಗಿದ್ದರು. ನೆಡ್ ಕಾಗದವನ್ನು ಮಡಿಸಿ, ಬ್ರೆಡ್ಡಿನ ಡಬ್ಬಿಯ ಕೆಳಗೆ ತಳ್ಳಿ, "ಹೋಗದಿದ್ರೂ ಆಗುತ್ತೆ ಬಿಡು," ಅಂದ. ಆ 'ಬಿಡು' ಕೇಳಿದ್ದೇ ರೊವೀನಾ ಕಾಗದವನ್ನು ಡಬ್ಬಿಯ ಕೆಳಗಿನಿಂದ ಮತ್ತೆ ಹೊರಗೆಳೆದಳು. ಇವನು ಅವತ್ತು ಆ ಗುಡ್ಡಕ್ಕೆ ಹೋಗದಿದ್ದರೆ ಗ್ಯಾರೇಜಿನಿಂದ ಇನ್ನು ಯಾವತ್ತೂ ಹೊರಗೆ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

"ನಾನು ಕೂರ್ತೀನಿ!" ಎಂದು ಘೋಷಿಸಿದಳು.

ನೆಡ್ ಟೀ ಬಟ್ಟಲು ಕೆಳಗಿಟ್ಟ. "ನೀನಾ? ಮಾಲ್‌ನಲ್ಲಿ ಮೆಟ್ಟಿಲು ತಾನಾಗೇ ಓಡುತ್ತೆ ಅಂತ ಅದಕ್ಕೇ ಹೆದರ್ತೀಯಾ."

"ಅದು ಬೇರೆ. ಅದರಲ್ಲಿ ಲೇಸು ಸಿಕ್ಕಿಹಾಕಿಕೊಳ್ಳುತ್ತೆ. ಕುಪ್ಪಳಿಸೋದು ಏನು ಮಹಾ? ನಿಮ್ಮಮ್ಮ ಅರವತ್ತಾರರಲ್ಲೂ ಕುಪ್ಪಳಿಸಿದ್ರು. ನನಗೆ ಮೂವತ್ತೂ ಆಗಿಲ್ಲ! ನೋಡ್ತಾ ಇರು, ಗುಡ್ಡನ ಮುದ್ದೆ ಮಾಡಿಬಿಡ್ತೀನಿ!"

ಆ ವಾರವಿಡೀ ಸೋಫಾದ ಮೇಲೆ ಘೋರ ತಪಸ್ಸು ನಡೆಯಿತು. ರೊವೀನಾ ಕುಪ್ಪಳಿಸಿದಾಗೆಲ್ಲ ಐವಿ ಕೇಕೆ ಹಾಕಿ ನಕ್ಕಳು. ಹೆತ್ತು ಹತ್ತು ತಿಂಗಳಾದ ಹೆಂಗಸು ಕುಪ್ಪಳಿಸಿದರೆ ಏನಾಗುತ್ತದೆ ಎಂಬುದು ಹೆತ್ತವರಿಗೆ ಮಾತ್ರ ಗೊತ್ತು; ಪ್ರತಿ ಹತ್ತು ಕುಪ್ಪಳಿಕೆಗೆ ಒಮ್ಮೆ ಅವಳು ಬಚ್ಚಲಿಗೆ ಓಡಬೇಕಾಗುತ್ತಿತ್ತು, ಅಲ್ಲಿ ಗೇರ್‌ಬಾಕ್ಸು ಇರುತ್ತಿತ್ತು!

ಶನಿವಾರ ಮಧ್ಯಾಹ್ನ ಪರೀಕ್ಷೆ. ಮನೆಯ ಹಿಂದೆ ಎನಿಡ್ ಎಂಬ ಮುದುಕಿಯ ಹೊಲ. ಅದರಲ್ಲಿ ಒಂದು ದಿಬ್ಬ, ಬುಡದಲ್ಲಿ ತೊರೆ, ಸುತ್ತ ಕುರಿಗಳು. ಐವಿಯನ್ನು ಎತ್ತಿಕೊಳ್ಳಲು ಎನಿಡ್ ಒಪ್ಪಿದ್ದರು. ರೊವೀನಾ ಮೂರು ಸ್ವೆಟರು, ಮೊಣಕಾಲಿಗೆ ಪಟ್ಟಿ, ತಲೆಗೆ ಸೈಕಲ್ ಹೆಲ್ಮೆಟ್ ತೊಟ್ಟು, ಜೇಬಿನಲ್ಲಿ ಫೋನ್ ಇಟ್ಟುಕೊಂಡು ರಣರಂಗಕ್ಕೆ ಬಂದಳು.

"ಚಂದ್ರಲೋಕಕ್ಕೆ ಹೊರಟ್ಯೇನಮ್ಮಾ?" ಅಂದರು ಎನಿಡ್.

ನೆಡ್ ಅಲ್ಯುಮಿನಿಯಂ ಹಾಳೆಯನ್ನು ಮರದ ಬೊಡ್ಡೆಯ ಮೇಲೆ ಬಡಿದು ಬಗ್ಗಿಸಿ ಮಾಡಿದ ಸೀಟು ಅದು. ರೊವೀನಾ ಒಂದು ಕಾಲಿಟ್ಟಳು. ಇನ್ನೊಂದು ಕಾಲಿಟ್ಟಳು. ಕೂರಲು ಹೋದರೆ ಅರ್ಧಕ್ಕೇ ನಿಂತಳು.

"ಸ್ವಲ್ಪ ಬಿಗಿ ಅಲ್ವಾ?"

"ಬಿಗಿ ಇರಬೇಕು. ಇಲ್ಲದಿದ್ರೆ ಹಾರಿ ಬೀಳ್ತೀಯಾ," ಎಂದು ನೆಡ್ ಅವಳ ಎರಡೂ ಭುಜ ಹಿಡಿದು ಒತ್ತಿದ. ಬಾಟಲಿಯ ಬಾಯಿಗೆ ಬಿರಡೆ ಇಳಿದ ಹಾಗೆ ಗುಳುಕ್ ಎಂಬ ಸದ್ದಾಯಿತು. ಮಂಡಿಗಳು ಬಂದು ಗದ್ದಕ್ಕೆ ತಾಗಿದವು. ಕಾಲು ಊರಲೆಂದು ಮಾಡಿದ ಸರಳು ಹಿಮ್ಮಡಿಯ ಕೆಳಗೆ ಎಲ್ಲೋ ಹೋಗಿತ್ತು. ಇದು ಹೀಗೇ ಇರುತ್ತದೇನೋ ಎಂದುಕೊಂಡು ಅವಳು ಸುಮ್ಮನಾದಳು. ಚಿಂತೆ ಮಾಡಬೇಕಾದ ಒಂದೇ ಒಂದು ಕಡೆ ಮಾಡಲಿಲ್ಲ!

ಕಾರು ಗುರುಗುಟ್ಟಿತು. ದಿಬ್ಬ ಹತ್ತಿತು. ಅರ್ಧ ದೂರ ಹೋಯಿತು. ಹಿಂದಿನ ಚಕ್ರ ಬುಸ್ಸೆಂದು ಕೆಸರು ಕಾರತೊಡಗಿತು.

"ಕುಪ್ಪಳಿಸು!"

ರೊವೀನಾ ದೇವರನ್ನು ನೆನೆದು ಬಲ ಬಿಟ್ಟಳು. ಏನೂ ಆಗಲಿಲ್ಲ.

"ಕುಪ್ಪಳಿಸು ರೋ! ಕುಪ್ಪಳಿಸೇ!"

"ಕುಪ್ಪಳಿಸ್ತಾ ಇದೀನಿ! ಆಗ್ತಾ ಇಲ್ಲ!"

ಅಲುಗಾಡುತ್ತಿದ್ದದ್ದು ಅವಳ ಹೆಲ್ಮೆಟ್ ಒಂದೇ. ಕಾರು ಒಂದು ಕ್ಷಣ ಯೋಚಿಸಿತು. ಆಮೇಲೆ ಬಹಳ ಮರ್ಯಾದೆಯಿಂದ, ನಿಧಾನವಾಗಿ, ಹಿಂದಕ್ಕೆ ಜಾರತೊಡಗಿತು. ಕುರಿಗಳು ಎರಡು ಸಾಲಾಗಿ ದಾರಿ ಬಿಟ್ಟು ನಿಂತು ಮೆರವಣಿಗೆ ನೋಡಿದವು. ನೆಡ್ ಬ್ರೇಕಿನ ಹಿಡಿಗಳನ್ನೆಲ್ಲ ಎಳೆದ. ಏಳು ತಿಂಗಳ ಸಾಧನೆ ಹಿಮ್ಮುಖವಾಗಿ ಬಂದು ತೊರೆಯಲ್ಲಿ ಕೂತಿತು. ರೊವೀನಾಳ ಸೊಂಟದವರೆಗೆ ತಣ್ಣನೆಯ ನೀರು!

"ಇಳಿ ಇಳಿ," ಅಂದ ನೆಡ್, ತಾನು ಹಾರಿಳಿದು.

ಅವಳು ಏಳಲು ಹೋದಳು. ಆಗಲಿಲ್ಲ. ನೆಡ್ ಕೈ ಹಿಡಿದು ಎಳೆದ. ಆಗಲಿಲ್ಲ. ಒಂದು ಸ್ವೆಟರು ಬಿಚ್ಚಿ ಎಳೆದರು, ಎರಡು ಬಿಚ್ಚಿ ಎಳೆದರು. ಎನಿಡ್ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ಹಿಡಿದು ದಡಕ್ಕೆ ಬಂದರು. ಸೊಂಟದ ಸುತ್ತ ಸುರಿದರು. ತೊರೆಯ ತುಂಬ ನೊರೆಯಾಯಿತು. ರೊವೀನಾ ಕದಲಲಿಲ್ಲ.

"ಬೆಣ್ಣೆ ತರ್ಲಾ?"

"ಬೇಡ ಎನಿಡ್."

"ನಮ್ಮ ಟಗರಿನ ತಲೆ ಬೇಲೀಲಿ ಸಿಕ್ಕಿಕೊಂಡಾಗ ಬೆಣ್ಣೆ ಹಚ್ಚೇ ಬಿಡಿಸಿದ್ದು. ಬೇಡಾ ಅಂದ್ರೆ ಅಗ್ನಿಶಾಮಕದವರಿಗೆ ಹೇಳಿ ಕಳಿಸ್ತೀನಿ."

"ಅಯ್ಯೋ ಬೇಡಿ! ನೆಡ್, ಸೀಟಿನ ಬೋಲ್ಟ್ ಬಿಚ್ಚೋ! ಸೀಟು ಸಮೇತ ಬರ್ತೀನಿ!"

"ಬೋಲ್ಟು ಕೆಳಗಿದೆ ರೋ. ನೀರೊಳಗೆ. ನೀನು ಅದರ ಮೇಲಿದೀಯಾ."

"ಯಾವ ಪುಣ್ಯಾತ್ಮ ಅಳತೆ ತಗೊಂಡಿದ್ದು ಇದಕ್ಕೆ? ಇದು ಮನುಷ್ಯರು ಕೂರೋ ಸೀಟಾ? ಹದಿಮೂರು ವರ್ಷದ ಹುಡುಗೀಗೂ ಆಗಲ್ಲ ಇದು! ಯಾರಿಗೆ ಅಂತ ಮಾಡಿದೆ ನೀನು?"

ನೆಡ್ ಬಗ್ಗಿದ. ಸೀಟನ್ನೇ ನೋಡಿದ. ಅಂಚಿನ ಮೇಲೆ ಗೇಣು ಹಾಕಿ, ಈ ಕಡೆಯಿಂದ ಆ ಕಡೆಗೆ ಅಳೆದ. ಇನ್ನೊಮ್ಮೆ ಅಳೆದ.

"ನಾನು ಅಳತೇನೇ ತಗೊಳ್ಳಲಿಲ್ಲ," ಅಂದ.

"ಅಂದ್ರೆ?"

"ಅಪ್ಪ ಪ್ರತಿ ಹೊಸ ಕಾರಿಗೂ ಅಮ್ಮನ್ನ ಅಡುಗೆಮನೇಲಿ ನಿಲ್ಲಿಸಿ ಅಳೆಯೋರು. ಟೇಪಿನ ಆ ತುದಿ ನಾನು ಹಿಡೀತಿದ್ದೆ. ಸಣ್ಣೋನಿದ್ದಾಗಿಂದ. ಸೊಂಟದ ಅಗಲ ಹನ್ನೆರಡೂವರೆ ಇಂಚು. ಸೊಂಟದಿಂದ ಮಂಡಿಗೆ ಹದಿನೇಳು. 'ಪ್ರತಿ ಸಲ ಯಾಕ್ ಅಳೀತೀರಾ, ನಾನೇನು ಬೆಳೀತೀನಾ' ಅಂತ ಅಮ್ಮ ರೇಗೋಳು." ಅವನು ಸೀಟಿನ ಅಂಚು ಸವರಿದ. "ಸೀಟು ಅಂದ್ರೆ ನನ್ನ ಕೈಗೆ ಬರೋದು ಅದೊಂದೇ ಅಳತೆ, ರೋ. ಗೊತ್ತೇ ಆಗ್ಲಿಲ್ಲ ನನಗೆ. ಬಡೀತಾ ಹೋದೆ. ಅಪ್ಪ ಟೇಪು ಹಿಡಿದಿದ್ದಾರೆ ಅನ್ನೋ ಹಾಗೇ ಬಡೀತಾ ಹೋದೆ..."

ಅಲ್ಲೇ, ನೊರೆ ತುಂಬಿದ ತೊರೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು ನೆಡ್ ಅತ್ತ. ಚರ್ಚಿನಲ್ಲಿ ಅಳದಿದ್ದದ್ದು, ಸ್ಯಾಂಡ್‌ವಿಚ್ ಹಂಚುವಾಗ ಅಳದಿದ್ದದ್ದು, ಏಳು ತಿಂಗಳ ಮಳೆ ವಿಷಯದ ಕೆಳಗೆ ಅದುಮಿಟ್ಟದ್ದು ಎಲ್ಲ ಒಟ್ಟಿಗೇ ಬಂತು. ಕಾರಿನ ಪಕ್ಕಕ್ಕೆ ಹಣೆಯಿಟ್ಟು ಮಗುವಿನ ಹಾಗೆ ಬಿಕ್ಕಿದ. ಎನಿಡ್ ಐವಿಗೆ ಕುರಿ ತೋರಿಸುವ ನೆಪ ಮಾಡಿಕೊಂಡು ಬೆನ್ನು ತಿರುಗಿಸಿ ನಡೆದರು.

ಈ ಅಳುವಿಗಾಗಿ ರೊವೀನಾ ಎಷ್ಟು ಕಾದಿದ್ದಳು! ಈಗ ಬಂತು, ಅವನನ್ನು ಎದೆಗೆ ಅಪ್ಪಿಕೊಳ್ಳೋಣವೆಂದರೆ ಅವಳು ಸೀಟು ಬಿಟ್ಟು ಏಳುವಂತಿಲ್ಲ. ಎಷ್ಟು ಚಾಚಿದರೂ ಕೈಗೆ ಸಿಕ್ಕಿದ್ದು ಅವನ ಒಂದು ಕಿವಿ. ಅದನ್ನೇ ಹಿಡಿದುಕೊಂಡಳು. "ಅಳು, ಅಳು," ಅಂದಳು. ಎರಡು ನಿಮಿಷ ಕಳೆಯುವಷ್ಟರಲ್ಲಿ ಇವನ ಅಳು ನಿಲ್ಲದೇ ಹೋದರೆ ಏನು ಗತಿ ಎಂಬ ಹೊಸ ಚಿಂತೆ ಶುರುವಾಯಿತು. ಅವಳಿಗೂ ಕಣ್ಣು ತುಂಬಿ ಬಂತು. ಅವಳು ಎಷ್ಟು ಉಜ್ಜಿದರೂ, ಅವನು ಎಷ್ಟು ಬಡಿದರೂ ಇಬ್ಬರೂ ಮಾಡಿದ್ದು ಒಂದನ್ನೇ: ಹೋದವರ ಹತ್ತಿರ ಹೋಗಲಾರದೆ, ಇದ್ದವರ ಹತ್ತಿರವೂ ಹೋಗದೆ ಉಳಿದಿದ್ದು.

ಅವಳು ಕಿವಿ ಬಿಡದೆ, ಇನ್ನೊಂದು ಕೈಯಿಂದ ಜೇಬು ತಡಕಿದಳು. ಫೋನು ಮೇಲಿನ ಜೇಬಿನಲ್ಲಿದ್ದದ್ದರಿಂದ ಒದ್ದೆಯಾಗಿರಲಿಲ್ಲ. ಆ ನಂಬರನ್ನು ಏಳು ತಿಂಗಳಲ್ಲಿ ನೂರು ಸಲ ತೆಗೆದು ನೋಡಿ ನೂರು ಸಲ ಮುಚ್ಚಿದ್ದಳು. ಬೈದರೆ? ಮಾತೇ ಆಡದಿದ್ದರೆ? ಹಲ್ಲು ಕಟಕಟ ಎನ್ನುತ್ತಿತ್ತು. ಒತ್ತಿದಳು.

ಆ ಕಡೆ ಫೋನ್ ಎತ್ತಿದ ಮೇವಿಸ್ ಎಂದಿನಂತೆ ಹಲೋ ಎನ್ನುವ ಬದಲು ತಮ್ಮ ಟೆಲಿಫೋನ್ ನಂಬರನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರು. ಅದು ಮುಗಿಯುವವರೆಗೆ ರೊವೀನಾ ತಣ್ಣೀರಿನಲ್ಲಿ ಕಾದಳು.

"ಮೇವಿಸ್, ನಾನು... ರೊವೀನಾ."

"ಮಗು ಹುಷಾರಾಗಿದ್ಯಾ?"

"ಹುಷಾರಾಗಿದಾಳೆ. ನೆಡ್... ನೆಡ್ ಅಳ್ತಾ ಇದಾನೆ."

"ಅಳ್ತಾ ಇದಾನಾ?" ಮೇವಿಸ್ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. "ಸದ್ಯ."

"ನಾನು ನಿಮ್ಮ ಸೀಟಿನಲ್ಲಿ ಸಿಕ್ಕಿಹಾಕಿಕೊಂಡಿದೀನಿ ಮೇವಿಸ್."

"ನನ್ನ ಯಾವ ಸೀಟು?"

"ಹೊಸ ಕಾರಿಂದು. ನಿಮ್ಮ ಅಳತೇಗೇ ಮಾಡಿದಾನೆ. ಅವನಿಗೇ ಗೊತ್ತಿಲ್ಲದೆ. ಹನ್ನೆರಡೂವರೆ, ಹದಿನೇಳು. ಇದು ನನಗೆ ಆಗಲ್ಲ. ಇನ್ಯಾರಿಗೂ ಆಗಲ್ಲ. ನಾನು ಮಾಡಿದ್ದು ತಪ್ಪು ಅಂತ ನನಗೆ ಗೊತ್ತು, ಅವತ್ತಿಂದ ಒಂದು ದಿನಾನೂ ಮರೆತಿಲ್ಲ. ನನ್ನ ಮೇಲೆ ಎಷ್ಟು ಬೇಕಾದ್ರೂ ಸಿಟ್ಟು ಇಟ್ಕೊಳ್ಳಿ. ಆದ್ರೆ ಬನ್ನಿ. ದಯವಿಟ್ಟು ಬನ್ನಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಹಿಂದಿನ ಚಕ್ರಕ್ಕೆ ಗಾಳಿ ಎಷ್ಟು ಹಾಕಿದಾನೆ?"

ರೊವೀನಾ ಕಿವಿ ಜಗ್ಗಿ ಕೇಳಿದಳು. ನೆಡ್ ಬಿಕ್ಕುತ್ತಲೇ ಬೆರಳು ತೋರಿಸಿದ.

"ಎಂಟು ಪೌಂಡಂತೆ."

"ಎಂಟಾ!" ಮೇವಿಸ್ ಕಿರುಚಿದರು. "ಅವರಪ್ಪ ಮೂರರ ಮೇಲೆ ಒಂದು ದಿನಾನೂ ಹಾಕಿದೋರಲ್ಲ! ಇಷ್ಟು ಗಾಳಿ ಇದ್ರೆ ಜಾರದೆ ಇನ್ನೇನಾಗುತ್ತೆ? ಅವನ ಕೈಗೆ ಪಂಪು ಕೊಡಬೇಡ. ಒಲೆ ಆರಿಸಿ ಬಂದುಬಿಟ್ಟೆ. ನೀನು ಎಲ್ಲೂ ಹೋಗಬೇಡ, ಅಲ್ಲೇ ಇರು."

"ಹೋಗೋ ಹಾಗಿದ್ದಿದ್ರೆ ನಾನು ಫೋನೇ ಮಾಡ್ತಿರಲಿಲ್ಲ, ಮೇವಿಸ್," ಅಂದಳು ರೊವೀನಾ.